ವಿಸರ್ಜನೆಯ ಆಜ್ಞೆ ಓದಿದ ಅಂಕಲ್

ಹೋದ ವಾರ ಗೆಳತಿಯ ಮೊಮ್ಮಗಳ ಮದುವೆಯ ಕರೆಯೋಲೆ ಬಂತು. ಲಕೋಟೆಯ ಮೇಲೆ ಕೆಂಪು ಅರಗಿನ ಮುದ್ರೆ. ಸುಮ್ಮನೆ ಮೂಗಿಗೆ ಹಿಡಿದೆ... ಅಮೆರಿಕಕ್ಕೆ ಬಂದ ಹೊಸತರಲ್ಲಿದ್ದ ಜೆರ್ಸಿ ಸಿಟಿಯ ಹಳೆಯ ಬಾಡಿಗೆ ಮನೆ, ಅದರ ಮೇಲಂತಸ್ತಿನಲ್ಲಿದ್ದ ಅಂಕಲ್ ನೆನಪಾದರು.

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಮದುವೆಯಾಗಿ ಮೈಸೂರಿನಿಂದ ಬಂದಾಗ ಆ ಬೀದಿಯಲ್ಲಿ ನಮ್ಮ ಮುಖದವರೆಂದರೆ ಅವರೊಬ್ಬರೇ. ಅಜ್ಜನ ಕಾಲದಲ್ಲೇ ಕಬ್ಬಿನ ತೋಟದ ಕೂಲಿಗೆಂದು ಕೆರಿಬಿಯನ್ ದ್ವೀಪವೊಂದಕ್ಕೆ ಹೋದ ಮನೆತನ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬಾರದು. ನನ್ನನ್ನು ಮಾತ್ರ ‘ಬೇಟಿ’ ಎನ್ನುತ್ತಿದ್ದರು. ಗೋದಾಮಿನ ಕಾವಲು ಕೆಲಸಕ್ಕೂ ಇಸ್ತ್ರಿ ಮಾಡಿದ ಅಂಗಿ, ಕಪ್ಪು ಟೈ ಹಾಕಿ ಹೊರಡುತ್ತಿದ್ದರು. ಭಾನುವಾರ ನಮ್ಮಲ್ಲಿ ಚಹಾ.

ಒಂದು ಭಾನುವಾರ ನನ್ನವರು ಲಾಂಡ್ರಿಗೆ ಹೋಗಿದ್ದಾಗ ಅಂಕಲ್ ತಮ್ಮ ಕಥೆ ಹೇಳಿದರು. ಕೆಲವೇ ವರ್ಷಗಳ ಹಿಂದೆ, ದ್ವೀಪ ಇನ್ನೂ ಬ್ರಿಟಿಷರ ಕೈಯಲ್ಲಿದ್ದಾಗ, ಅವರು ಅಲ್ಲಿನ ಶಾಸನಸಭೆಯ ಕಾರ್ಯದರ್ಶಿ. ಅವರ ಅಣ್ಣ ಸಭೆಯ ಸದಸ್ಯ. ಕೂಲಿಗಳಿಗೆ ತಾವಿರುವ ಮನೆಯ ಜಾಗ ಸ್ವಂತವಾಗಬೇಕೆಂಬ ಮಸೂದೆಯನ್ನು ಅಣ್ಣ ತಂದಿದ್ದರು. ತಾಯಿಯೂ ಅಂಥದ್ದೇ ಒಂದು ಮನೆಯಲ್ಲಿದ್ದರು. ಸದಸ್ಯರು ಮತ ಹಾಕಲು ಇನ್ನು ಹತ್ತು ನಿಮಿಷವಿದೆ ಎನ್ನುವಾಗ ಗವರ್ನರ್ ಕಡೆಯವನೊಬ್ಬ ಅರಗು ಒತ್ತಿದ ಲಕೋಟೆಯನ್ನು ತಂದು ಇವರ ಮೇಜಿನ ಮೇಲಿಟ್ಟ. ಒಳಗಿದ್ದದ್ದು ಸಭೆಯನ್ನು ವಿಸರ್ಜಿಸುವ ಆಜ್ಞೆ. ಎದ್ದು ನಿಂತು ಓದುವುದು ಇವರ ಕೆಲಸ. ಓದಿ ಮುಗಿಸಿದರೆ ಸಭೆಯೂ ಇಲ್ಲ, ಮಸೂದೆಯೂ ಇಲ್ಲ.

“ಅಣ್ಣ ನನ್ನನ್ನೇ ನೋಡುತ್ತಿದ್ದ, ಬೇಟಿ. ನಾನು ಓದಿಬಿಟ್ಟೆ. ದನಿ ಕೂಡ ನಡುಗಲಿಲ್ಲ.”

ಮುಂದಿನ ಚುನಾವಣೆಯಲ್ಲಿ ಅಣ್ಣ ಸೋತರು. ತೋಟದವರು ತಾಯಿಯನ್ನು ಮನೆಯಿಂದ ಎಬ್ಬಿಸಿದರು. ಯಾರದೋ ಕೋಣೆಯಲ್ಲಿ ಆಕೆ ತೀರಿಕೊಂಡಾಗ ಅಣ್ಣ ಇವರನ್ನು ಚಿತೆಯ ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ. ಆಮೇಲೆ ಇವರು ಕೆಲಸ, ದ್ವೀಪ ಎರಡನ್ನೂ ಬಿಟ್ಟು ಇಲ್ಲಿಗೆ ಬಂದರು.

“ನೀನಾಗಿದ್ದರೆ ಏನು ಮಾಡುತ್ತಿದ್ದೆ?” ಎಂದು ಕೇಳಿದರು.

ನನಗಾಗ ಇಪ್ಪತ್ತೆರಡು. ಹಿಂದೆಮುಂದೆ ನೋಡದೆ, “ಮತ ಹಾಕಿ ಮುಗಿಯುವವರೆಗೆ ಲಕೋಟೆ ಒಡೆಯಲು ಸ್ವಲ್ಪ ಹೊತ್ತು ಮಾಡಬಹುದಿತ್ತಲ್ಲ ಅಂಕಲ್?” ಎಂದೆ.

ಅವರು ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. “ಹೌದು. ಕನ್ನಡಕ ಮರೆತು ಬಂದಿದ್ದೇನೆ ಅಂದಿದ್ದರೂ ಸಾಕಿತ್ತು...”

ಸಂಜೆ ನನ್ನವರಿಗೆ ಹೇಳಿದೆ. “ಪಾಪ, ಅವ್ರಿಗೆ ಒಂದು ಸಮಾಧಾನದ ಮಾತು ಬೇಕಿತ್ತು ಕಣೇ. ನೀನು ನೋಡಿದ್ರೆ ಜಡ್ಜ್‌ಮೆಂಟ್ ಕೊಟ್ಟು ಕಳಿಸಿದ್ಯಲ್ಲ!” ಎಂದರು.

ಮರುದಿನ ಉಪ್ಪಿಟ್ಟು ಮಾಡಿಕೊಂಡು ಮೇಲೆ ಹೋದೆ. ನಗುತ್ತಲೇ ತೆಗೆದುಕೊಂಡರು, ತಟ್ಟೆ ತೊಳೆದು ವಾಪಸು ಕೊಟ್ಟರು. ಆದರೆ ಭಾನುವಾರ ಬರುವುದನ್ನು ಬಿಟ್ಟರು. ಬೇಸಿಗೆಗೆ ಮುಂಚೆ ಅಣ್ಣನನ್ನು ನೋಡಲು ದ್ವೀಪಕ್ಕೆ ಹೋದವರು ಅಲ್ಲಿಂದ ಒಂದೇ ಒಂದು ಕಾರ್ಡು ಬರೆದರು: ಅಣ್ಣ ಬಾಗಿಲು ತೆರೆಯಲಿಲ್ಲ. ಆಮೇಲೆ ಸುದ್ದಿಯಿಲ್ಲ...

ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ನಾನೂ ಇಲ್ಲಿನ ಕೋರ್ಟೊಂದರ ಕಚೇರಿಯಲ್ಲಿ ಕೆಲಸಕ್ಕೆ ಸೇರಿದೆ. ಬಾಡಿಗೆದಾರರನ್ನು ಹೊರಹಾಕುವ ಆದೇಶಗಳು ನನ್ನ ಮೇಜಿನ ಮೇಲಿಂದಲೇ ಹೋಗುತ್ತಿದ್ದವು. ಹೆಸರು ಓದುತ್ತಿದ್ದೆ, ಸಂಕಟಪಡುತ್ತಿದ್ದೆ, ಮುಂದಕ್ಕೆ ಕಳಿಸುತ್ತಿದ್ದೆ. ಇಪ್ಪತ್ತು ವರ್ಷದಲ್ಲಿ ಒಂದನ್ನೂ ತಡೆಹಿಡಿಯಲಿಲ್ಲ. ಇದನ್ನು ಅವರಿಗೆ ಹೇಳಬೇಕಿತ್ತು. ಈಗ ಅವರಿದ್ದರೆ ವಯಸ್ಸು ನೂರು ದಾಟಿರುತ್ತಿತ್ತು.