ಮಂಪರು ಇಳಿಯುವವರೆಗೆ

ಬೆಳಕು ಹರಿಯುವಷ್ಟರಲ್ಲಿ ಸಾಕುನಾಯಿಗಳ ಆಸ್ಪತ್ರೆಯ ಹಿಂದಿನ ಕೋಣೆಯ ನೆಲ ಒರೆಸಿ ಆಗಿದೆ. ಹಳೆಯ ಕಂಬಳಿಗಳನ್ನು ಕೊಡವಿ ಹಾಸುತ್ತಿರುವ ಗಟ್ಟಿಮುಟ್ಟಾದ ಹೆಂಗಸನ್ನು ಇಲ್ಲಿ ಎಲ್ಲರೂ ಕರೆಯುವುದು 'ಮಂಪರಕ್ಕ' ಎಂದು. ಸಂತಾನಹರಣ ಶಸ್ತ್ರಚಿಕಿತ್ಸೆ ಮುಗಿದ ನಾಯಿಗಳಿಗೆ ಅರಿವಳಿಕೆಯ ಮಂಪರು ಇಳಿಯುವವರೆಗೂ ಮಗ್ಗುಲಲ್ಲಿ ಕೂರುವುದು ಇವರ ಕೆಲಸ.

ಇವರು ಮೊದಲು ಇಲ್ಲಿಗೆ ಬಂದದ್ದು ಕಸ ಗುಡಿಸಲು. ಆ ವರ್ಷವೇ ಇವರ ಮನೆಯ ಹೆಣ್ಣುನಾಯಿ ಗರ್ಭಕೋಶದಲ್ಲಿ ಕೀವು ತುಂಬಿ ಸತ್ತಿತು. "ಆಪರೇಷನ್ ಮಾಡ್ಸಿ ಅಂತ ಡಾಕ್ಟರಮ್ಮ ಬಡ್ಕೊಂಡ್ರು. ನಮ್ಮೆಜಮಾನ್ರು, 'ಪಾಪ, ಒಂದ್ಸಲ ತಾಯಿ ಆಗ್ಲಿ' ಅಂತ ಪಟ್ಟು ಹಿಡಿದ್ರು. ತಾಯಿನೂ ಆಗ್ಲಿಲ್ಲ, ಉಳೀಲೂ ಇಲ್ಲ." ಅಂದಿನಿಂದ ಪೊರಕೆ ಬದಿಗಿಟ್ಟು ನಾಯಿಗಳ ಪಕ್ಕ ಕೂತವರು ಎದ್ದಿಲ್ಲ. ದಿನಕ್ಕೆ ನಾಲ್ಕೈದು ಬರುತ್ತವೆ. ಅರೆಎಚ್ಚರದಲ್ಲಿ ಗಾಬರಿಬಿದ್ದು ಕಚ್ಚಿದ ಗುರುತುಗಳು ಮುಂಗೈ ಮೇಲಿವೆ.

ಇವತ್ತು ಒಬ್ಬ ದರ್ಜಿಯ ನಾಯಿ ಬಂದಿದೆ. ಕಳೆದ ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವಂತಾಗಿತ್ತು. ಇನ್ನೊಂದು ಬಸಿರು ತಡೆಯದು. ಆಪರೇಷನ್ ಸಲೀಸಾಗಿ ಮುಗಿಯಿತು. ಆದರೆ ಜೊತೆಯವೆಲ್ಲ ಎದ್ದು ತೂರಾಡುತ್ತ ಮನೆಗೆ ಹೊರಟರೂ ಇದು ಮಿಸುಕಲಿಲ್ಲ. ಡಾಕ್ಟರಮ್ಮ ಎದೆಬಡಿತ ಕೇಳಿ, "ಮೈ ತಣ್ಣಗಾಗಿದೆ ಅಕ್ಕಾ, ಬೆಚ್ಚಗಿಡಿ. ಕಾಯೋಣ" ಎನ್ನುತ್ತಾರೆ. ಅಕ್ಕ ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಒತ್ತಿಟ್ಟು, ಅದನ್ನು ಮಡಿಲಿಗೆ ಎಳೆದುಕೊಂಡು ಕಿವಿ ತಿಕ್ಕುತ್ತಾ ಕೂರುತ್ತಾರೆ. ಹೊರಗೆ ಕಾಯುತ್ತಿರುವ ದರ್ಜಿಗೆ ಧೈರ್ಯ ಹೇಳಿ ಬಂದವರು ಒಳಗೆ ಮತ್ತೆ ಮತ್ತೆ ಅದರ ಉಸಿರು ನೋಡುತ್ತಾರೆ.

ದರ್ಜಿ ಬಾಗಿಲಲ್ಲಿ ಇಣುಕುತ್ತಾನೆ. "ಅಕ್ಕಾ, ಏನಾದ್ರೂ..."

"ಬಿಡ್ತು ಅನ್ನಿ. ಮನೇಲಿ ಏನಂತ ಕರೀತೀರಿ?"

"ಕಳ್ಳಿ ಅಂತ. ಅಡುಗೆಮನೆ ಚಿಲಕ ತೆಗೆಯೋದು ಕಲ್ತಿದಾಳೆ."

"ಹಾಗೇ ಕರೀರಿ ಮತ್ತೆ. ನಾಚ್ಕೋಬೇಡಿ."

"ಕಳ್ಳೀ... ಏ ಕಳ್ಳೀ..." ಅವನು ಕರೆಯುತ್ತಲೇ ಇರುತ್ತಾನೆ. ಸ್ವಲ್ಪ ಹೊತ್ತಿಗೆ ಒಂದು ಕಿವಿ ಅಲುಗುತ್ತದೆ. ಬಾಲ ನೆಲಕ್ಕೆ ಮೆಲ್ಲಗೆ ಬಡಿಯುತ್ತದೆ. ತಲೆಯೆತ್ತಿದ ನಾಯಿ, ಬೆಚ್ಚಗೆ ಅಕ್ಕನ ಮಡಿಲಲ್ಲೇ ಉಚ್ಚೆ ಹೊಯ್ಯುತ್ತದೆ.

"ಹೊಯ್ದ್ಲು! ಡಾಕ್ಟರಮ್ಮಾ, ಹೊಯ್ದ್ಲು!" ಹಬ್ಬಿದ ಒದ್ದೆಯನ್ನೂ ಲೆಕ್ಕಿಸದೆ ಅಕ್ಕ ಕೂಗುತ್ತಾರೆ. ದರ್ಜಿ ಹೊಸ್ತಿಲಲ್ಲೇ ಕೂತು ನಗುತ್ತಾನೆ, ಕಣ್ಣೊರೆಸಿಕೊಳ್ಳುತ್ತಾನೆ. ಓಡಿ ಬಂದ ಡಾಕ್ಟರಮ್ಮ ಗೋಡೆಗೊರಗಿ ನಿಟ್ಟುಸಿರು ಬಿಡುತ್ತಾರೆ. ಎಲ್ಲರಿಗೂ ಹೋದ ಜೀವ ಬಂದಂತಾಗಿದೆ.

ಸೀರೆ ಬದಲಿಸಿ ಬಂದ ಅಕ್ಕನಿಗೆ ಹೊಗಳಿಕೆ ಮುಜುಗರ. "ಕುಯ್ಯೋದು, ಹೊಲಿಯೋದು ಎಲ್ಲ ಡಾಕ್ಟರಮ್ಮನೇ. ನಾನು ಸುಮ್ನೆ ಕೂತಿರ್ತೀನಿ," ಎನ್ನುತ್ತಾರೆ. ಕಂಬಳಿ ಹಿಂಡುತ್ತಾ ಮೆಲ್ಲಗೆ ಸೇರಿಸುತ್ತಾರೆ: "ಆದ್ರೆ ಒಂದು. ಈ ಕೋಣೇಲಿ ಯಾವ ನಾಯೀನೂ ಒಂಟಿಯಾಗಿ ಕಣ್ಣು ಬಿಟ್ಟಿಲ್ಲ."