ಐವಿ ದೋಣಿಯ ಒದ್ದೆ ಗೋಣಿಗಳು

ನನ್ನ ಅಣ್ಣ ಸೈಲಸ್ ಕೆಟ್ಟವನಲ್ಲ ಎಂದು ಕಾಲುವೆಯ ಮೇಲೆ ಯಾರನ್ನು ಕೇಳಿದರೂ ಹೇಳುತ್ತಾರೆ. ಕುಡಿದು ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ಇನ್ನೊಬ್ಬರ ಸರದಿ ತಪ್ಪಿಸಿ, ನೀರು ಏರಿಸಿ ಇಳಿಸಿ ದೋಣಿ ದಾಟಿಸುವ ಲಾಕಿನೊಳಗೆ ನುಗ್ಗಿದವನಲ್ಲ. ನಾನೂ ಬಹಳ ವರ್ಷ ಹಾಗೇ ಹೇಳಿಕೊಂಡು ತಿರುಗಿದೆ. ಈಗ ಹೇಳುವುದಿಲ್ಲ. ನಾನು ಹೇಳಹೊರಟಿರುವುದು ಅವನ ಹೆಂಡತಿ, ನನ್ನ ಅತ್ತಿಗೆ ಸಬೀನಾಳ ಬಗ್ಗೆ. ಆದರೆ ಅವಳ ಮಾತು ತೆಗೆದರೆ ಸಾಕು, ಅವನು ಬಂದು ನಡುವೆ ನಿಂತುಬಿಡುತ್ತಾನೆ.

ನಮ್ಮದು ಕಲ್ಲಿದ್ದಲು ಸಾಗಿಸುವ ಕಸುಬು. ಕಾವೆಂಟ್ರಿ ಕಡೆಯ ಗಣಿಗಳಿಂದ ಲಂಡನ್ನಿನ ಕಾರ್ಖಾನೆಗಳಿಗೆ, ಜೋಡಿ ದೋಣಿಗಳಲ್ಲಿ. ಮುಂದಿನದು ಇಂಜಿನ್ ದೋಣಿ, ಅದು ಗಂಡಸಿನದು. ಹಿಂದಿನದಕ್ಕೆ ಇಂಜಿನ್ ಇಲ್ಲ, ಹಗ್ಗ ಹಿಡಿದುಕೊಂಡು ಬರುತ್ತದೆ. ಅದರ ಚುಕ್ಕಾಣಿ ಹೆಂಗಸಿನದು. ಮನೆಯೂ ಅದೇ. ಒಲೆ, ಮಂಚ, ಹಿತ್ತಾಳೆ ಗುಂಡುಗಳು, ಹೂವು ಬಿಡಿಸಿದ ನೀರಿನ ಕ್ಯಾನು, ಹೆತ್ತ ಮಕ್ಕಳು, ಎಲ್ಲವೂ ಹಿಂದಿನ ದೋಣಿಯ ಗೂಡಿನಲ್ಲೇ. ಅತ್ತಿಗೆಯ ಹಿಂದಿನ ದೋಣಿಯ ಹೆಸರು ಐವಿ. ಪೂರಾ ಮರದ್ದು.

ನಾವು ಅಣ್ಣ ತಂಗಿ ಬೆಳೆದದ್ದು ಕಬ್ಬಿಣದ ದೋಣಿಯಲ್ಲಿ. ಮರದ ದೋಣಿಯ ಗುಣ ನಮಗೆ ಗೊತ್ತಿರಲಿಲ್ಲ. ಅದು ಸಾಲದೆಂಬಂತೆ ಮದುವೆಯಾದ ಹೊಸತರಲ್ಲಿ ಸೈಲಸ್ ಒಂದು ಸಂಜೆ ಅವಸರದಲ್ಲಿ ದೋಣಿ ನಿಲ್ಲಿಸಿ, ಹಗ್ಗ ಬಿಗಿಯಾಗಿ ಎಳೆದು ದಡದ ಗೂಟಕ್ಕೆ ಕಟ್ಟಿದ್ದ. ಬೆಳಗಾಗುವ ಹೊತ್ತಿಗೆ ಕಾಲುವೆಯ ನೀರು ಇಳಿದು ಐವಿ ಒಂದು ಪಕ್ಕಕ್ಕೆ ವಾಲಿ ಹಗ್ಗದಲ್ಲಿ ನೇತಾಡುತ್ತಿತ್ತು. ಗೂಡಿನೊಳಗಿನ ಪಿಂಗಾಣಿ ತಟ್ಟೆಗಳೆಲ್ಲ ನೆಲದ ಮೇಲೆ. ಅತ್ತಿಗೆ ಹೊರಗೆ ಬಂದು, ಗಂಡನನ್ನು ಅಡಿಯಿಂದ ಮುಡಿವರೆಗೆ ನೋಡಿ ಕೇಳಿದಳು:

"ದೋಣಿ ಕಟ್ಟಿದ್ಯೋ, ನೇಣಿಗೆ ಹಾಕಿದ್ಯೋ?"

ಆ ಮಾತು ವರ್ಷಗಟ್ಟಲೆ ಕಾಲುವೆಯ ಉದ್ದಕ್ಕೂ ಓಡಾಡಿತು. ಸೈಲಸ್ ಹೋದಲ್ಲೆಲ್ಲ ಜನ ಕೇಳಿ ನಗುತ್ತಿದ್ದರು. ಅವನೂ ನಗುತ್ತಿದ್ದ. ಅವನ ನಗುವಿನ ಒಳಗೆ ಏನಿತ್ತೋ ನಾವು ಯಾರೂ ಇಣುಕಿ ನೋಡಲಿಲ್ಲ.

ಅತ್ತಿಗೆ ಎಲ್ಲವನ್ನೂ ಅವನಿಗೆ ಕಲಿಸಿದಳು, ನನಗೂ ಕಲಿಸಿದಳು. ಪಕ್ಕದ ಹಲಗೆ ಓಕ್ ಮರದ್ದು, ತಳದ್ದು ಎಲ್ಮ್. ಎಲ್ಮ್ ನೀರಿನಲ್ಲೇ ಇದ್ದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಗಟ್ಟಿ, ಬಿಸಿಲು ಕುಡಿದರೆ ಒಂದೇ ವಾರಕ್ಕೆ ಸುಕ್ಕಿ ಹಲಗೆಗಳ ನಡುವೆ ಬಾಯಿ ಬಿಡುತ್ತದೆ. ದಡಕ್ಕೆ ಹತ್ತಿಸಿದ ದೋಣಿಯ ಪಕ್ಕಗಳಿಗೆ ಗೋಣಿ ಇಳಿಬಿಟ್ಟು ಎರಡು ಹೊತ್ತೂ ನೀರು ಹಾಕಬೇಕು. ಸಂದಿಗಳಿಗೆ ಟಾರು ಹಚ್ಚಿದ ಸೆಣಬಿನ ನಾರು ಬಡಿಯುವಾಗ ಸುತ್ತಿಗೆಯ ಸದ್ದು ಕೇಳಬೇಕು. ಸದ್ದು ಮಂದವಾಗಿದ್ದರೆ ಇನ್ನೂ ನಾರು ಹಿಡಿಯುತ್ತದೆ, ಗಂಟೆಯಂತೆ ಕೇಳಿದರೆ ಸಾಕು. ದಾರಿಯಲ್ಲಿ ಸೋರಲು ಶುರುವಾದರೆ ಉದ್ದ ಕೋಲಿನ ತುದಿಯ ಡಬ್ಬಿಯಲ್ಲಿ ಒಲೆಯ ಬೂದಿ ತುಂಬಿ, ಸೋರುವ ಜಾಗದ ಹೊರಗೆ ನೀರೊಳಗೆ ಇಳಿಸಿ ಅಲ್ಲಾಡಿಸುವುದು. ಸಂದಿ ತಾನೇ ಆ ಬೂದಿಯನ್ನು ಎಳೆದುಕೊಂಡು ಬಾಯಿ ಮುಚ್ಚಿಕೊಳ್ಳುತ್ತದೆ. ನಿಂತ ಕೂಡಲೇ ಚುಕ್ಕಾಣಿಯ ಕೋಲನ್ನು ತೂತಿನಿಂದ ಎತ್ತಿ, ತಲೆಕೆಳಗು ಮಾಡಿ, ಬಾಗಿದ ತುದಿ ಆಕಾಶ ನೋಡುವಂತೆ ಮತ್ತೆ ಸಿಕ್ಕಿಸುವುದು. ಕೋಲು ಮೇಲೆ ನೋಡುತ್ತಿದ್ದರೆ ಮನೆಯವರು ಒಳಗಿದ್ದಾರೆ ಎಂದು ಅರ್ಥ. ಐವಿಯ ಕೋಲಿಗೆ ಅತ್ತಿಗೆ ಪ್ರತಿ ಈಸ್ಟರಿಗೆ ಕೆಂಪು ಬಿಳಿ ಪಟ್ಟಿ ಬಳಿಯುತ್ತಿದ್ದಳು.

ಕಾಲುವೆ ಪೂರಾ ಹೆಪ್ಪುಗಟ್ಟಿ ತಿಂಗಳುಗಟ್ಟಲೆ ನಾವು ಕದಲಲಾರದೆ ಕೂತ ಚಳಿಗಾಲವೊಂದಿತ್ತು. ಮಂಜು ಕರಗುವಷ್ಟರಲ್ಲಿ ಸರಕೆಲ್ಲ ಲಾರಿ ಹತ್ತಿ ಹೋಗಿತ್ತು. ದೋಣಿಗಳ ಒಡೆಯರಾದ ಕಂಪನಿಯವರು ದೋಣಿ ಕಡಿಮೆ ಮಾಡುತ್ತೇವೆ ಎಂದರು. ಮರದ ದೋಣಿಗಳನ್ನೆಲ್ಲ ದುರಸ್ತಿ ಕಟ್ಟೆಗೆ ಹತ್ತಿಸಿ, ಐಸು ಉಜ್ಜಿದ ಹಲಗೆ ಸರಿಮಾಡಿ, ನೀರಿಗೆ ಇಳಿಸಿ ನೋಡುವುದು. ಸೋರದಿದ್ದರೆ ಜೋಡಿ ಕೆಲಸದಲ್ಲಿ ಉಳಿಯಿತು. ಸೋರಿದರೆ ಅದನ್ನು ಲಂಡನ್ ಕಡೆಯ ನೀರು ತುಂಬಿದ ಜಲ್ಲಿಗುಂಡಿಗೆ ಒಯ್ದು ಮುಳುಗಿಸುವುದು, ಮನೆಯವರು ದಡ ಹತ್ತುವುದು. ಹತ್ತಿದವರಿಗೆ ಸಾಲುಮನೆ ಕೊಡುತ್ತಾರೆಂದು ಸುದ್ದಿ ಇತ್ತು.

ಸೈಲಸ್ ಒಂದು ಸಂಜೆ ಚಹಾ ಕುಡಿಯುತ್ತ ಆ ಮಾತು ತೆಗೆದ. ನಾನೂ ಅಲ್ಲೇ ಇದ್ದೆ.

"ಆ ಮನೆಗಳಲ್ಲಿ ನಲ್ಲಿ ಒಳಗೇ ಇದೆಯಂತೆ ಸಬೀನಾ. ತಿರುಗಿಸಿದ್ರೆ ನೀರು."

"ನೀರಿಗೇನ್ ಬರ ನಿಂಗೆ? ಕಾಲ್ ಕೆಳಗೇ ಹರೀತಿದೆ."

"ನನ್ ಮಂಡಿ ಹೋಗಿದೆ ಕಣೇ."

"ಮಂಡಿಗೆ ಹೆಬ್ಬಾತಿನ ಕೊಬ್ಬು ತಿಕ್ಕು."

ಅವನು ನಕ್ಕ. ಮಾತು ಅಲ್ಲಿಗೇ ಮುಗಿಯಿತು. ನಿಜ, ಅತ್ತಿಗೆಯ ಬಾಯಿ ಸ್ವಲ್ಪ ಜೋರು. ಆದರೆ ಮಂಡಿ ನೋಯುವವನು ಎದ್ದು ನಿಂತು ಜಗಳ ಆಡಬಹುದಿತ್ತು, ತಟ್ಟೆ ಎಸೆಯಬಹುದಿತ್ತು, ನನಗಿನ್ನು ಈ ದೋಣಿ ಬೇಡ ಎಂದು ಬಾಯಿಬಿಟ್ಟು ಹೇಳಬಹುದಿತ್ತು.

ಮೇ ತಿಂಗಳಲ್ಲಿ ಐವಿ ಕಟ್ಟೆ ಹತ್ತಿತು. ಅದೇ ವಾರ ಕಾವೆಂಟ್ರಿಯಲ್ಲಿ ಮಗಳು ಕೆಟೂರಾಗೆ ಹೆರಿಗೆ ಕಷ್ಟವಾಗಿದೆ ಎಂದು ಹೇಳಿಕಳಿಸಿದರು. ಚೊಚ್ಚಲು, ಹೋಗದೆ ಇರುವಂತಿಲ್ಲ. ಅತ್ತಿಗೆ ಐವಿಯ ಎರಡು ಪಕ್ಕಕ್ಕೂ ಹೊಸ ಗೋಣಿ ಇಳಿಬಿಟ್ಟು, ತಾನೇ ಕ್ಯಾನಿನಿಂದ ನೀರು ಸುರಿದು ತೋರಿಸಿದಳು.

"ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಹಿಂಡಿದ್ರೆ ನೀರು ಬರ್ಬೇಕು. ಒಳಗೆ ತಳ ಮುಳುಗೋಷ್ಟು ನೀರು ಇರ್ಲಿ. ಬಿಸಿಲು ಜೋರಾದ್ರೆ ಮಧ್ಯಾಹ್ನನೂ ಹಾಕು."

"ಗೊತ್ತು ಕಣೇ. ನಿನ್ ಪಾಠ ಕೇಳಿ ಕೇಳಿ ನಂಗೇ ಪಾಚಿ ಕಟ್ಟಿದೆ."

"ಹಾಕ್ತೀನಿ ಅಂತ ಬಾಯ್ಬಿಟ್ಟು ಹೇಳು."

"ಹಾಕ್ತೀನಿ. ಹೋಗು, ಮಗೂನ ನೋಡ್ಕೊಂಡ್ ಬಾ."

ನಾನೂ ನನ್ನ ಗಂಡನೂ ಮಾರನೇ ದಿನ ನಮ್ಮ ಜೋಡಿಯಲ್ಲಿ ಸರಕು ಹೇರಿಕೊಂಡು ಲಂಡನ್ನಿಗೆ ಹೊರಟೆವು. ಆ ಮೇ ತಿಂಗಳಂಥ ಬಿಸಿಲು ನಾನು ಆಮೇಲೆ ಕಂಡಿಲ್ಲ. ನಾವು ತಿರುಗಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಐವಿಯನ್ನು ನೀರಿಗೆ ಇಳಿಸಿದ್ದಾರೆ, ಹಲಗೆಗಳ ನಡುವಿಂದ ನೀರು ಜರಡಿಯಲ್ಲಿ ಬಂದ ಹಾಗೆ ಬಂದಿದೆ, ಕಂಪನಿಯ ತಪಾಸಣೆಯವನು ತಲೆ ಅಲ್ಲಾಡಿಸಿ ಹೋಗಿದ್ದಾನೆ. ಅತ್ತಿಗೆ ಹಿಂದಿನ ದಿನವಷ್ಟೇ ಬಂದವಳು ಪಂಪು ಹಿಡಿದುಕೊಂಡು ಕೂತಿದ್ದಳು. ಗೋಣಿಗಳು ಪಕ್ಕದಲ್ಲಿ ಮಡಿಸಿಟ್ಟಿದ್ದವು, ಒದ್ದೆಯಾಗೇ ಇದ್ದವು.

"ದಿನಾ ಹಾಕ್ದೆ," ಅಂದ ಸೈಲಸ್. "ಐಸು ಕೊಯ್ದಿತ್ತಲ್ಲ, ಮರದಲ್ಲೇನೂ ಉಳ್ದಿರ್ಲಿಲ್ಲ."

ಅತ್ತಿಗೆ ಬಗ್ಗಿ ಒಂದು ಗೋಣಿ ಎತ್ತಿದಳು, ಹಿಂಡಿದಳು, ನೀರು ಬಂತು. ಅದನ್ನು ಮುಖದ ಹತ್ತಿರ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಳು. ಅಳುತ್ತಿದ್ದಾಳೆಂದು ನಾನಂದುಕೊಂಡೆ.

"ನಾನೇ ಹೋಗ್ಬಾರ್ದಿತ್ತು ಮರ್ಸಿ," ಅಂದಳು ನನಗೆ. "ನಾನಿದ್ದಿದ್ರೆ ಉಳಿಸ್ಕೋತಿದ್ದೆ. ತಪ್ಪು ನಂದೇ."

ಸೈಲಸ್ ಪಕ್ಕದಲ್ಲೇ ನಿಂತು ಅದನ್ನು ಕೇಳಿಸಿಕೊಂಡ. ಅವಳ ಬೆನ್ನ ಮೇಲೆ ಕೈ ಇಟ್ಟು, "ಹಾಗೆಲ್ಲ ಅನ್ಕೋಬೇಡ" ಎಂದು ಸಮಾಧಾನ ಮಾಡಿದ. ಆ ಕೈಯನ್ನು ನಾನು ಇವತ್ತಿಗೂ ಮರೆತಿಲ್ಲ.

ಗುಂಡಿಗೆ ಒಯ್ಯುವ ಕೆಲಸವೂ ಅವರದೇ. ಬೇರೆಯವರು ಚುಕ್ಕಾಣಿ ಹಿಡಿಯುವುದು ಬೇಡ, ನಾನೇ ಬಿಟ್ಟು ಬರುತ್ತೇನೆ ಎಂದಳು ಅತ್ತಿಗೆ. ನಾವು ನಮ್ಮ ಜೋಡಿಯಲ್ಲಿ ಸರಕು ಹೇರಿಕೊಂಡು ಅವರ ಬೆನ್ನ ಹಿಂದೆಯೇ ಹೊರಟೆವು. ಮೊದಲ ದಿನ ಅವಳ ಕೈ ಪಂಪು ಬಿಟ್ಟಿದ್ದನ್ನು ನಾನು ನೋಡಲಿಲ್ಲ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಪಂಪು, ಲಾಕಿನ ಬಾಗಿಲು ಮುಚ್ಚಿ ನೀರು ಏರುವಷ್ಟರಲ್ಲಿ ಬೂದಿಯ ಡಬ್ಬಿ. ಮುಂದಿನ ದೋಣಿಯಿಂದ ಸೈಲಸ್ ತಿರುಗಿ ಕೂಗಿದ:

"ಯಾಕ್ ಒದ್ದಾಡ್ತೀಯ? ಹೇಗೂ ಮುಳುಗ್ಸೋದೇ ಅಲ್ವಾ?"

"ಮುಳುಗೋ ಜಾಗದಲ್ಲಿ ಮುಳುಗ್ಲಿ. ನಡುದಾರೀಲಿ ಯಾಕೆ?"

ಎರಡನೇ ದಿನ ಅವಳು ಪಂಪು ಬಿಟ್ಟು ಬಿಟ್ಟು ಹೊಡೆಯುತ್ತಿದ್ದಳು. ಮೂರನೇ ದಿನ ತಗಡಿನ ಡಬ್ಬಿಯಲ್ಲಿ ಚಹಾ ಮಾಡಿ, ಕೊಬ್ಬು ಸವರಿದ ಬ್ರೆಡ್ಡು ತಿನ್ನುತ್ತ ನಿಂತಿದ್ದಳು. ನಾಲ್ಕನೇ ದಿನ ಪಂಪನ್ನು ಗೂಡಿನ ಮೇಲೆ ಎತ್ತಿಟ್ಟಳು. ಅವತ್ತಿನಿಂದ ಗುಂಡಿ ಮುಟ್ಟುವ ತನಕ ಅವಳು ಗಂಡನ ಜೊತೆ ಒಂದು ಮಾತೂ ಆಡಲಿಲ್ಲ. ನಾನು ಪಕ್ಕಕ್ಕೆ ಬಂದಾಗ ಏನಾಯಿತು ಎಂದು ಕೇಳಿದೆ. "ಕುಡ್ಕೊಂಡ್ಳು," ಅಂದಳು, ಅಷ್ಟೇ. ಹಲಗೆ ನೀರು ಕುಡಿದು ಊದಿ ಬಾಯಿ ಮುಚ್ಚಿಕೊಂಡಿದೆ ಎಂದು ನನಗೆ ತಿಳಿಯಿತು. ಅದರ ಮುಂದಿನದು ನನಗೆ ಹೊಳೆಯಲಿಲ್ಲ. ಅಣ್ಣನ ಮೇಲೆ ಅಂಥ ಯೋಚನೆ ಬರುವುದಾದರೂ ಹೇಗೆ.

ಗುಂಡಿಯ ಹತ್ತಿರ ಅದಾಗಲೇ ಏಳೆಂಟು ದೋಣಿಗಳ ಮೂತಿ ನೀರಿನ ಮೇಲೆ ಕಾಣುತ್ತಿದ್ದವು. ಅಲ್ಲಿನ ಮೇಸ್ತ್ರಿ ಗಿಲ್ಬರ್ಟ್ ಎಂಬ ವಯಸ್ಸಾದವನು, ಅತ್ತಿಗೆಯ ಅಪ್ಪನನ್ನು ಬಲ್ಲವನು. ಅತ್ತಿಗೆ ಐವಿಯನ್ನು ದಡಕ್ಕೆ ಹಚ್ಚಿ, ತಳದ ಹಲಗೆಯೊಂದನ್ನು ಎತ್ತಿ ಬದಿಗಿಟ್ಟಳು.

"ಗಿಲ್ಬರ್ಟಣ್ಣ, ಕೈ ಹಾಕಿ ನೋಡಿ."

ಅವನು ಮೊಣಕಾಲೂರಿ ಕೈ ಇಳಿಸಿದ. ತೋಳಿನ ತನಕ ಇಳಿಸಿದ. ಹೊರಗೆ ತೆಗೆದು ಬೆರಳು ನೋಡಿದ, ಕಲ್ಲಿದ್ದಲ ಪುಡಿ ಅಂಟಿತ್ತು, ತೇವವಿರಲಿಲ್ಲ.

"ಇದ್ಯಾಕಮ್ಮ ಇಲ್ಲಿಗ್ ತಂದ್ರಿ?"

"ಸೋರ್ತು ಅಂದ್ರು."

"ಸೋರಿಲ್ಲ, ಒಣಗಿಸ್ಬಿಟ್ಟಿದ್ದಾರೆ." ಅವನು ಎದ್ದು ಸೈಲಸ್ ಕಡೆ ನೋಡಿದ. "ನೀರು ಹಾಕೋದು ಬಿಟ್ಟೋಗಿತ್ತು ಅಂತ ನೀನೊಂದ್ ಮಾತು ಹೇಳು. ನಾನು ಆಫೀಸಿಗೆ ಫೋನ್ ಮಾಡ್ತೀನಿ. ಇನ್ನೊಂದ್ಸಲ ನೋಡ್ಲೇಬೇಕು ಅವ್ರು. ಇಂಥ ದೋಣಿ ಮುಳುಗ್ಸೋಕೆ ನಂಗೇನ್ ಹುಚ್ಚಾ?"

ಎಲ್ಲರೂ ಸೈಲಸ್‌ನನ್ನು ನೋಡಿದೆವು. ಅಷ್ಟು ಸುಲಭವಾಗಿತ್ತು. ಮರೆತೆ ಎಂದಿದ್ದರೂ ಸಾಕಿತ್ತು, ಮೈಯಲ್ಲಿ ಹುಷಾರಿರಲಿಲ್ಲ ಎಂದಿದ್ದರೂ ಸಾಕಿತ್ತು. ಅತ್ತಿಗೆ ಆಗಲೂ ಅವನಿಗೆ ದಾರಿ ಬಿಟ್ಟುಕೊಟ್ಟಳು.

"ಹೇಳು ಸೈಲಸ್. ಹೇಳ್ಬಿಡು. ನಾನ್ ಏನೂ ಅನ್ನಲ್ಲ."

ಅವನು ಟೋಪಿ ತೆಗೆದು ಅದರ ಒಳಗೆ ನೋಡಿದ.

"ದಿನಾ ಹಾಕ್ದೆ," ಅಂದ. "ಎರಡು ಹೊತ್ತೂ."

ಅತ್ತಿಗೆ ಹಲಗೆಯನ್ನು ಮತ್ತೆ ಅದರ ಜಾಗಕ್ಕೆ ಕೂರಿಸಿದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಎಷ್ಟೋ ವಾಸಿಯಾಗಿತ್ತು.

"ಎರಡು ವಾರ ನೀರು ಕುಡಿದ ಗೋಣಿ ಕೊಳೆತು ನಾತ ಹೊಡೀಬೇಕು," ಅಂದಳು. "ಅವತ್ತು ನಾನು ಮೂಸಿ ನೋಡ್ದೆ. ಅವತ್ತೇ ನೆನೆಸಿದ್ದು, ಅಂಗಡಿಯಿಂದ ತಂದ ಹೊಸ ಗೋಣಿ ವಾಸ್ನೆ ಬರ್ತಿತ್ತು. ನನ್ ಮೂಗು ನಂಬ್ಲಿಲ್ಲ ನಾನು, ನಿನ್ನ ನಂಬ್ದೆ."

ಗಿಲ್ಬರ್ಟ್ ನೆಲ ನೋಡುತ್ತ, ಸುಮ್ಮನೆ ಬಿಟ್ಟರೆ ಇದು ಮುಳುಗುವುದಿಲ್ಲ, ತಳಕ್ಕೆ ಕೊಡಲಿ ಹಾಕಬೇಕು ಎಂದ. ಅತ್ತಿಗೆ ಅವನ ಕೈಯಿಂದ ಕೊಡಲಿ ಇಸಿದುಕೊಂಡು ಗಂಡನ ಮುಂದೆ ಹಿಡಿದಳು.

"ಶುರು ಮಾಡಿದ್ದು ನೀನು. ಮುಗಿಸು."

ಅವನು ಮುಗಿಸಿದ. ಎಲ್ಮ್ ಹಲಗೆ ಸುಲಭಕ್ಕೆ ಬಿಡಲಿಲ್ಲ. ಗಟ್ಟಿ ಮರ, ಕೊಡಲಿ ಪುಟಿದು ಪುಟಿದು ಬರುತ್ತಿತ್ತು. ಅತ್ತಿಗೆ ಕೆಂಪು ಬಿಳಿ ಪಟ್ಟಿಯ ಚುಕ್ಕಾಣಿ ಕೋಲನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಗೂಡಿನಲ್ಲಿ ತಂದಿಟ್ಟಿದ್ದ ಆ ಎರಡು ಗೋಣಿಗಳನ್ನು ಕಂಕುಳಲ್ಲಿಟ್ಟುಕೊಂಡು ದಡ ಹತ್ತಿದಳು.

ನಮ್ಮ ದೋಣಿಗೆ ಬಂದುಬಿಡು ಎಂದು ನಾನು ಕರೆದೆ. ಬರಲಿಲ್ಲ. ಅವನ ಜೊತೆಗೇ ಸಾಲುಮನೆಗೆ ಹೋದಳು. ಮೊದಲ ದಿನವೇ ಬಾಗಿಲ ಮೇಲೆ ಎರಡು ಮೊಳೆ ಹೊಡೆದು ಗೋಣಿಗಳನ್ನು ಇಳಿಬಿಟ್ಟಳು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಹೂವು ಬಿಡಿಸಿದ ಆ ಕ್ಯಾನಿನಿಂದ ನೀರು. ಸೈಲಸ್ ಪೇಟೆಗೆ ಹೋಗಬೇಕಾದರೂ ಬರಬೇಕಾದರೂ ಆ ಒದ್ದೆ ಗೋಣಿಯ ನಡುವೆ ತಲೆ ತಗ್ಗಿಸಿ ನುಸುಳಬೇಕು. ಎರಡು ವಾರಕ್ಕೆ ನಾತ ಶುರುವಾಯಿತು. ಪಕ್ಕದ ಮನೆಯವಳು ಜಗಳಕ್ಕೆ ಬಂದಳು. ಅತ್ತಿಗೆ ಅವಳನ್ನು ಒಳಗೆ ಕರೆದು ಚಹಾ ಕೊಟ್ಟಳು, ಗೋಣಿ ಮಾತ್ರ ತೆಗೆಯಲಿಲ್ಲ. ಗೋಣಿ ಕೊಳೆತು ಹರಿದರೆ ಹೊಸದು ಹಾಕುತ್ತಿದ್ದಳು. ಸೈಲಸ್ ಒಂದು ದಿನವೂ ಕಿತ್ತೆಸೆಯಲಿಲ್ಲ, ಇದೇನು ಎಂದು ಕೇಳಲೂ ಇಲ್ಲ. ಅಡುಗೆ ಮಾಡಿ ಬಡಿಸಿದಳು, ಬಟ್ಟೆ ಒಗೆದಳು, ಮಂಡಿಗೆ ಕೊಬ್ಬನ್ನೂ ತಿಕ್ಕಿದಳು. ಚುಕ್ಕಾಣಿ ಕೋಲನ್ನು ಒಲೆಯ ಪಕ್ಕದ ಮೂಲೆಯಲ್ಲಿ, ಮನೆಯವರು ಇಲ್ಲದ ದೋಣಿಯ ಹಾಗೆ, ತುದಿ ಕೆಳಗೆ ಮಾಡಿ ನಿಲ್ಲಿಸಿದ್ದಳು.

ಹಾಗೆ ಎಷ್ಟೋ ವರ್ಷ ಕಳೆಯಿತು. ಅವಳು ಹಾಸಿಗೆ ಹಿಡಿದದ್ದು ನನಗೆ ತಡವಾಗಿ ತಿಳಿಯಿತು. ನಾನು ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಗೇಟು ದಾಟುವಾಗಲೇ ನೋಡಿದೆ, ಬಾಗಿಲ ಗೋಣಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಸೈಲಸ್ ಕ್ಯಾನು ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತಿದ್ದ.

"ಅವ್ಳು ಮಲಗಿದಾಗಿಂದ ನಾನೇ ಹಾಕ್ತಿದೀನಿ ಮರ್ಸಿ," ಅಂದ. "ದಿನಾ ಹಾಕ್ತೀನಿ. ಎರಡು ಹೊತ್ತೂ."

ನಾನು ಹತ್ತಿರ ಹೋಗಿ ಗೋಣಿಯ ಅಂಚು ಹಿಡಿದು ಮೂಸಿ ನೋಡಿದೆ. ಕೊಳೆತ ನಾತ ಮೂಗಿಗೆ ಬಡಿಯಿತು. ಈ ಸಲ ಅವನು ನಿಜ ಹೇಳುತ್ತಿದ್ದ.

ಒಳಗೆ ಬಾ, ಚಹಾ ಮಾಡುತ್ತೇನೆ ಎಂದ. ನಾನು ಹೊಸ್ತಿಲು ದಾಟದೆ, ಮೂಲೆಯಲ್ಲಿದ್ದ ಚುಕ್ಕಾಣಿ ಕೋಲನ್ನು ಅವನ ಕೈಯಿಂದಲೇ ತರಿಸಿಕೊಂಡು ವಾಪಸ್ ಬಂದೆ.