ಒಂದೇ ಬೆರಳಿನ ರೆಕ್ಕೆ

ನಮ್ಮದು ಛತ್ರಿ ರಿಪೇರಿ. ಜಯನಗರದ ಮಾರ್ಕೆಟ್ ಹತ್ತಿರ ಫುಟ್‌ಪಾತಿನಲ್ಲಿ ಗಂಡ ಕಡ್ಡಿ ಕಟ್ಟುತ್ತಿದ್ದ, ನಾನು ಬಟ್ಟೆ ಹೊಲಿಯುತ್ತಿದ್ದೆ. ಮನೆ ಮಡಿವಾಳದ ಕೆರೆ ಕಡೆ. ಎಂಬತ್ತನೇ ಇಸವಿ ಸುಮಾರಿಗೆ ಮಗಳು ಏಳನೇ ಕ್ಲಾಸಿನಲ್ಲಿದ್ದಳು. ಒಂದು ಸಂಜೆ ಚೀಲ ಎಸೆದವಳೇ, "ಅಮ್ಮಾ, ಹಾರೋ ಹಲ್ಲಿ ಮಾಡ್ಬೇಕು" ಎಂದಳು.

"ಹಲ್ಲಿ ಎಲ್ಲಾದ್ರೂ ಹಾರುತ್ತೇನೇ?"

"ಹಾರ್ತಿತ್ತು. ಮನುಷ್ಯರು ಹುಟ್ಟೋಕೆ ಎಷ್ಟೋ ಮುಂಚೆ. ಟೆರೊಸಾರ್ ಅಂತ. ರೆಕ್ಕೆ ಬಿಚ್ಚಿದ್ರೆ ನಮ್ಮನೆಗಿಂತ ಅಗಲ!"

ನಮ್ಮ ಮನೆ ದೊಡ್ಡದೇನಲ್ಲ. ಆದರೂ ನಾನು ಈ ಗೋಡೆಯಿಂದ ಆ ಗೋಡೆಗೆ ಕಣ್ಣು ಹಾಯಿಸಿದೆ. ಮೈ ಜುಮ್ಮೆಂದಿತು.

ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ಮಾದರಿ ಸರಿಯಾಗಿದ್ದರೆ ಹಾಲ್‌ನ ನಡುವೆ ಸೂರಿಗೆ ತೂಗುಹಾಕುತ್ತಾರಂತೆ. ತಪ್ಪಿದ್ದರೆ ಇಡುವುದೇ ಇಲ್ಲವಂತೆ. "ನಂದು ಮೇಲೆ ತೂಗ್ಬೇಕು" ಎಂದು ಮಗಳು ಪಟ್ಟು ಹಿಡಿದಳು.

"ರೆಕ್ಕೆ ತಾನೇ? ನನಗೆ ಬಿಡು" ಎಂದ ಗಂಡ. ಎರಡು ಕರೀ ಛತ್ರಿ ಬಿಚ್ಚಿದ. ಒಂದೊಂದು ರೆಕ್ಕೆಗೆ ಒಂದು ಕೋಲು, ಅದರ ಹಿಂದೆ ಬೀಸಣಿಗೆಯ ಹಾಗೆ ಕಡ್ಡಿಗಳ ಸಾಲು. ರಟ್ಟಿನ ಕೊಕ್ಕು, ತಲೆಯ ಹಿಂದೆ ಚೂಪು ಜುಟ್ಟು. ಎಳೆದರೆ ರೆಕ್ಕೆ ಬಿಚ್ಚಿಕೊಳ್ಳುತ್ತಿತ್ತು, ತಳ್ಳಿದರೆ ಮಡಚಿಕೊಳ್ಳುತ್ತಿತ್ತು. ಅದನ್ನು ನೋಡಿ ಮೂವರೂ ಕುಣಿಯುವುದೊಂದು ಬಾಕಿ.

ಬೆಳಿಗ್ಗೆ ನಾನು, ಮಗಳು ಅದನ್ನು ಹೊತ್ತು ಬಸ್ ಹತ್ತಿದೆವು.

"ಏನಕ್ಕಾ ಇದು, ಹದ್ದಾ? ಇದಕ್ಕೂ ಟಿಕೆಟ್ ತಗೊಳ್ಳಿ" ಎಂದ ಕಂಡಕ್ಟರ್.

"ಹಲ್ಲಿ ಕಣಪ್ಪ. ಹಲ್ಲೀಗೆ ಎಲ್ಲಪ್ಪಾ ಟಿಕೆಟ್ಟು?" ಎಂದೆ. ಬಸ್ಸೆಲ್ಲ ನಕ್ಕಿತು.

ವಿಜ್ಞಾನದ ಮೇಡಂ ನಗಲಿಲ್ಲ. "ಚೆನ್ನಾಗಿದೆ. ಆದರೆ ಇದು ಬಾವಲಿ ರೆಕ್ಕೆ" ಎಂದರು.

ಮಗಳ ಮುಖ ಸಣ್ಣಗಾಯಿತು. ಮೇಡಂ ಪುಸ್ತಕದ ಚಿತ್ರ ತೋರಿಸಿದರು. ಬಾವಲಿಗೆ ಹೆಬ್ಬೆರಳು ಬಿಟ್ಟು ಉಳಿದ ಬೆರಳುಗಳೆಲ್ಲ ರೆಕ್ಕೆಯೊಳಗೆ ಹರಡಿರುತ್ತವಂತೆ. ನಮ್ಮ ಹಾರೋ ಹಲ್ಲಿಗಾದರೆ ಮೂರು ಬೆರಳು ಹೊರಗೆ, ಪುಟ್ಟವು, ಉಗುರಿನವು. ನಾಲ್ಕನೆಯದು ಮಾತ್ರ ಮೈಗಿಂತ ಉದ್ದ. ಆ ಒಂದೇ ಬೆರಳಿನ ತುದಿಯಿಂದ ಹಿಂಗಾಲಿನವರೆಗೆ ಚರ್ಮ. ಮೂಳೆ ಟೊಳ್ಳು, ಒಳಗೆಲ್ಲ ಗಾಳಿ.

ನಾನು ನನ್ನ ಕೈ ನೋಡಿಕೊಂಡೆ. ಹೆಬ್ಬೆರಳಿನಿಂದ ಎಣಿಸಿದರೆ ನಾಲ್ಕನೆಯದು ಉಂಗುರದ ಬೆರಳು. ಅದೊಂದರ ಮೇಲೆ ಇಡೀ ಪ್ರಾಣಿ ಹಾರುತ್ತಿತ್ತು! ಅಲ್ಲೇ ಜೋರಾಗಿ "ಅಬ್ಬಬ್ಬಾ" ಎಂದುಬಿಟ್ಟೆ.

"ಮಧ್ಯಾಹ್ನ ಬಾಗಿಲು ತೆಗೀತೀವಿ. ಅಷ್ಟರೊಳಗೆ ಸರಿಮಾಡಿದ್ರೆ ನೋಡೋಣ" ಎಂದರು ಮೇಡಂ.

ಮಗಳು ಅಳುವುದಕ್ಕೆ ಶುರುಮಾಡಿದಳು.

"ಆಮೇಲೆ ಅಳು. ಈಗ ಕತ್ತರಿ, ನನ್ನ ಹೊಲಿಗೆ ಚೀಲ ಹಿಡ್ಕೊಂಡು ಬಾ."

ವರಾಂಡದಲ್ಲಿ ಕೂತು ಕಡ್ಡಿಗಳನ್ನೆಲ್ಲ ಕಿತ್ತೆ. ಮುಂದಿನ ಕೋಲು ಒಂದನ್ನೇ ಉಳಿಸಿದೆ. ಅದೂ ಟೊಳ್ಳು ಕೊಳವೆಯೇ, ಬೆರಳಿಗೆ ಸರಿಹೋಯಿತು. ಕಿತ್ತ ಕಡ್ಡಿ ಮುರಿದು ಉಗುರಿನ ಮೂರು ಪುಟ್ಟ ಬೆರಳು ಮಾಡಿದೆ. ಆದರೆ ಬಟ್ಟೆ ಒದ್ದೆ ಸೀರೆಯ ಹಾಗೆ ಜೋತುಬಿತ್ತು.

"ಅಪ್ಪ ನೋಡಿದ್ರೆ ಬೈತಾರೆ" ಎಂದಳು ಮಗಳು.

"ಬೈಲಿ ಬಿಡು."

ಕಡ್ಡಿ ಇಲ್ಲದೆ ಬಟ್ಟೆ ಬಿಗಿಯುವುದು ಹೇಗೆ? ದಿನಾ ಲಂಗ ಉಡುವವಳಿಗೆ ಅದು ಹೊಳೆಯಲು ಅಷ್ಟು ಹೊತ್ತು ಬೇಕಾಯಿತಲ್ಲ! ಹಿಂದಿನ ಅಂಚು ಮಡಚಿ ಹೊಲಿದೆ, ಒಳಗೆ ಲಾಡಿ ತೂರಿಸಿದೆ, ಕಾಲಿನ ಹತ್ತಿರ ಎಳೆದು ಗಂಟು ಹಾಕಿದೆ. ರೆಕ್ಕೆ ಟಪ್ ಎಂದು ಬಿಗಿಯಿತು. ಬೆರಳಲ್ಲಿ ತಟ್ಟಿದರೆ ತಮಟೆ ಸದ್ದು!

ಅಷ್ಟರಲ್ಲಿ ಮಗಳು ರಟ್ಟಿನ ಮೀನನ್ನು ಕೊಕ್ಕಿಗೆ ಅಡ್ಡ ಅಂಟಿಸಿದ್ದಳು.

"ಇದಕ್ಕೆ ಹಲ್ಲೆಲ್ಲಿ?"

"ಈ ಜಾತೀದಕ್ಕೆ ಹಲ್ಲಿಲ್ಲಮ್ಮ, ಇಡೀ ಮೀನು ನುಂಗೋದು."

"ಮತ್ತೆ ಅಡ್ಡ ಇಟ್ರೆ ಗಂಟಲಿಗೆ ಹೆಂಗೆ ಇಳಿಯುತ್ತೆ? ನಮ್ಮ ಕೆರೆ ಕೊಕ್ಕರೆ ನೋಡಿಲ್ವಾ? ತಲೆ ಮೊದಲು."

ಮೀನು ತಿರುಗಿತು. ಬಾಲ ಮಾತ್ರ ಹೊರಗೆ.

ಮೇಡಂ ಬಂದರು. ಲಾಡಿ ಎಳೆದು ನೋಡಿದರು, ಬೆರಳು ಎಣಿಸಿದರು. ಆಮೇಲೆ, "ಏಣಿ ತರಿಸಿ" ಎಂದರು. ಮಗಳು ಕಿರುಚಿದ ಕಿರುಚಿಗೆ ಪಕ್ಕದ ಕ್ಲಾಸಿನವರೆಲ್ಲ ಹೊರಗೆ ಬಂದರು.

ಮಧ್ಯಾಹ್ನ ಗಂಡ ಅಂಗಡಿ ಮುಚ್ಚಿ ಬಂದ. ಫ್ಯಾನ್ ಗಾಳಿಗೆ ಹಲ್ಲಿ ಸೂರಿನಲ್ಲಿ ನಿಧಾನಕ್ಕೆ ಸುತ್ತುತ್ತಿತ್ತು. ಅವನು ಕತ್ತೆತ್ತಿದವನು ಇಳಿಸಲೇ ಇಲ್ಲ.

"ಕಡ್ಡಿ ಎಲ್ಲೇ?"

"ಕಿತ್ತೆ."

"ಕಡ್ಡಿ ಇಲ್ದೆ ಹೆಂಗೆ ನಿಂತಿದೆ?"

ನಾನು ಉಂಗುರದ ಬೆರಳೊಂದನ್ನು ಎತ್ತಿ ತೋರಿಸಿದೆ. ಅವನಿಗೆ ಅರ್ಥವಾಗಲಿಲ್ಲ. "ಹೋಗು, ನಿನ್ನ ಮಗಳನ್ನ ಕೇಳು" ಎಂದೆ. ಅವಳು ಕೋಲು ಹಿಡಿದು ಬಂದವರಿಗೆ ವಿವರಿಸುತ್ತಿದ್ದಳು. ಗಂಡ ಹೋಗಿ ಸಾಲಿನ ಕೊನೆಯಲ್ಲಿ ನಿಂತ.